ವಿದೇಶದಲ್ಲಿ ದೀರ್ಘಕಾಲದ ವಾಸ: ಆರೋಗ್ಯ ವಿಮೆ ಬೇಕೆ, ಬೇಡವೆ?

ವಿಜಯಪುರ ಜಿಲ್ಲೆಯ ಜೈನಾಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬೇಸಿಗೆಯ ಹೊತ್ತಿಗೆ ದ್ರಾಕ್ಷಿಯ ಕಟಾವು ಮುಗಿದು, ಶೆಡ್ಡುಗಳಲ್ಲಿ ತಯಾರಾದ ಒಣದ್ರಾಕ್ಷಿಯು ಶೀತಲಗೃಹಗಳನ್ನು ಸೇರುತ್ತದೆ. ಮಾಲು ಭದ್ರವಾದ ಮೇಲೆ ವ್ಯಾಪಾರಿಗೆ ಕೊಂಚ ಬಿಡುವು. ಅಮೆರಿಕದಲ್ಲಿರುವ ಮಗನ ಮನೆಗೆ, ಕೆನಡಾದಲ್ಲಿರುವ ಮಗಳ ಬಾಣಂತನಕ್ಕೆ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ಗಿರಾಕಿಗಳನ್ನು ಹುಡುಕಲು ಹೊರಡುವುದಕ್ಕೆ ಇದೇ ಅನುಕೂಲದ ಕಾಲ. ಸಾಲಕ್ಕೆ ಆಧಾರವಾಗಿಟ್ಟ ಮಾಲಿಗೆ ವಿಮೆ ಇರಲೇಬೇಕೆಂದು ಬ್ಯಾಂಕು ಒತ್ತಾಯಿಸುತ್ತದೆ. ವ್ಯಾಪಾರಿಯೂ ತಕರಾರಿಲ್ಲದೆ ಕಂತು ಕಟ್ಟುತ್ತಾನೆ. ಆದರೆ ಆರು ತಿಂಗಳು ಪರದೇಶದಲ್ಲಿರಲು ಹೊರಟ ತನಗೂ ತನ್ನ ಪತ್ನಿಗೂ ವಿಮೆ ಮಾಡಿಸುವ ಪ್ರಶ್ನೆ ಬಂದಾಗ ಮಾತ್ರ "ಏನೂ ಆಗದಿದ್ದರೆ ಕಂತಿನ ಹಣ ವ್ಯರ್ಥ" ಎಂಬ ಮಾತು ಏಳುತ್ತದೆ. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಸ್ವದೇಶದ ಪಾಲಿಸಿ ಗಡಿ ದಾಟುವುದಿಲ್ಲ

ಮನೆಯಲ್ಲಿ ಈಗಾಗಲೇ ಮೆಡಿಕ್ಲೇಮ್ ಪಾಲಿಸಿ ಇರುವುದರಿಂದ ಬೇರೆ ವಿಮೆ ಬೇಡವೆಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಭಾರತದಲ್ಲಿ ಮಾರಾಟವಾಗುವ ಬಹುತೇಕ ಆರೋಗ್ಯ ಪಾಲಿಸಿಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ನೆರವೂ ದೇಶದ ಆಸ್ಪತ್ರೆಗಳಿಗೇ ಸೀಮಿತ. ಆದ್ದರಿಂದ ವಿಮಾನ ಏರಿದ ಬಳಿಕ ಪ್ರತ್ಯೇಕ ಪಾಲಿಸಿ ಇಲ್ಲದವನ ಸ್ಥಿತಿಯು ವಿಮೆಯೇ ಇಲ್ಲದವನ ಸ್ಥಿತಿಯಾಗುತ್ತದೆ.

ಆಯಾ ದೇಶದ ನಿಯಮ

ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯು 2004ರಿಂದ ಕಡ್ಡಾಯವಾಗಿದೆ. ಕೆನಡಾ ದೇಶವು 2011ರಲ್ಲಿ ಆರಂಭಿಸಿದ ಸೂಪರ್ ವೀಸಾದ ಮೇಲೆ ತಂದೆತಾಯಿಗಳು ವರ್ಷಗಟ್ಟಲೆ ಮಕ್ಕಳೊಡನೆ ಇರಬಹುದು. ಆದರೆ ಕನಿಷ್ಠ 1,00,000 ಕೆನಡಾ ಡಾಲರುಗಳ, ಒಂದು ವರ್ಷದ ಆರೋಗ್ಯ ವಿಮೆಯ ಪುರಾವೆ ಒದಗಿಸಬೇಕು. ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಪಡೆಯುವವರಿಂದ 2015ರಿಂದ ಆರೋಗ್ಯ ಶುಲ್ಕ ವಸೂಲಿ ಮಾಡಲಾಗುತ್ತಿದ್ದು, 2024ರ ಫೆಬ್ರುವರಿಯಲ್ಲಿ ವಯಸ್ಕರಿಗೆ ಇದನ್ನು ವರ್ಷಕ್ಕೆ 1,035 ಪೌಂಡಿಗೆ ಏರಿಸಲಾಯಿತು. ಶುಲ್ಕ ತುಂಬಿದವರಿಗೆ ಅಲ್ಲಿಯ ಸರ್ಕಾರಿ ಆಸ್ಪತ್ರೆಗಳ ಸೇವೆ ದೊರೆಯುತ್ತದೆ. ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ನೌಕರನಿಗೆ ಆರೋಗ್ಯ ವಿಮೆ ಒದಗಿಸುವುದು ಮಾಲೀಕನ ಹೊಣೆ.

ಅಮೆರಿಕದ ಪರಿಸ್ಥಿತಿ ಬೇರೆ. ಸಂದರ್ಶಕ ವೀಸಾಕ್ಕೆ ಅಲ್ಲಿ ವಿಮೆಯ ಕಡ್ಡಾಯವಿಲ್ಲ. 1986ರ ಕಾನೂನಿನಂತೆ ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ಹಣವಿಲ್ಲವೆಂದು ಹಿಂದೆ ಕಳುಹಿಸುವಂತಿಲ್ಲ. ಆದರೆ ಚಿಕಿತ್ಸೆ ಸಿಗುವುದು ಬೇರೆ, ಬಿಲ್ಲು ಮಾಫಿಯಾಗುವುದು ಬೇರೆ. ಬಿಲ್ಲು ಬಂದೇ ಬರುತ್ತದೆ. ಕಡ್ಡಾಯವಿಲ್ಲದ ಕಡೆಯೇ ಅಪಾಯ ಹೆಚ್ಚು; ನಿರ್ಧಾರದ ಹೊಣೆ ಪೂರ್ತಿ ಪ್ರವಾಸಿಯದು.

ನಾಲ್ಕು ಲೆಕ್ಕಗಳು

ಉದಾಹರಣೆಗೆ, 60 ಲಕ್ಷ ರೂಪಾಯಿ ಬಂಡವಾಳದ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯನ್ನು ಊಹಿಸಿಕೊಳ್ಳಬಹುದು. 35 ಲಕ್ಷ ಮಾಲಿನಲ್ಲಿ, 20 ಲಕ್ಷ ಉದ್ರಿಯಲ್ಲಿ, 5 ಲಕ್ಷ ನಗದಿನಲ್ಲಿದೆ. ಪತ್ನಿಯೊಡನೆ ಆರು ತಿಂಗಳು ಅಮೆರಿಕದಲ್ಲಿದ್ದಾಗ ಅವನು ಆಸ್ಪತ್ರೆ ಸೇರಿ 40,000 ಡಾಲರ್ ಬಿಲ್ಲಾಯಿತೆನ್ನೋಣ. ಡಾಲರಿಗೆ 90 ರೂಪಾಯಿ ಹಿಡಿದರೆ 36 ಲಕ್ಷ ರೂಪಾಯಿ. ಈ ಎಲ್ಲ ಅಂಕಿಗಳೂ ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು.

1. ವಿಮೆ ಇಲ್ಲ: ಹೊರೆ 36,00,000 ರೂಪಾಯಿ.

2. ಇಬ್ಬರಿಗೂ ಸೇರಿ 40,000 ರೂಪಾಯಿ ಕಂತಿನ ಪೂರ್ಣ ಸ್ವರೂಪದ ಪಾಲಿಸಿ. ಪಾಲಿಸಿದಾರನೇ ಮೊದಲು ಭರಿಸಬೇಕಾದ ಪಾಲು 100 ಡಾಲರ್: ಹೊರೆ 49,000 ರೂಪಾಯಿ.

3. 15,000 ರೂಪಾಯಿಯ ಅಗ್ಗದ ಪಾಲಿಸಿ. ಕೊಠಡಿ ಬಾಡಿಗೆ, ಶಸ್ತ್ರಕ್ರಿಯೆ ಮುಂತಾದ ಒಂದೊಂದು ಬಾಬಿಗೂ ಮಿತಿಯಿರುವುದರಿಂದ ಸಿಕ್ಕಿದ್ದು 12,000 ಡಾಲರ್ ಮಾತ್ರ: ಹೊರೆ 25,35,000 ರೂಪಾಯಿ.

4. ಎರಡನೆಯದೇ ಪಾಲಿಸಿ, ಆದರೆ ಪ್ರಸ್ತಾವನಾ ಪತ್ರದಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದರಿಂದ ಕ್ಲೇಮು ತಿರಸ್ಕೃತ: ಹೊರೆ 36,40,000 ರೂಪಾಯಿ.

ಇಲ್ಲಿ 36 ಲಕ್ಷವು 40,000ದ 90 ಪಟ್ಟು. ಇಂತಹ ಅನಾಹುತವು 90 ಪ್ರವಾಸಗಳಲ್ಲಿ ಒಂದಕ್ಕಿಂತ ಕಡಿಮೆ ಎಂದಾದರೆ ಸರಾಸರಿ ಲೆಕ್ಕದಲ್ಲಿ ವಿಮೆಯಿಂದ ನಷ್ಟವೇ. ವಿಮಾ ಕಂಪನಿಗೆ ಖರ್ಚು, ಲಾಭ ಹುಟ್ಟುವುದೇ ಈ ಅಂತರದಿಂದ. ಹಾಗಾದರೆ "ಹಣ ವ್ಯರ್ಥ" ಎನ್ನುವವನ ಮಾತು ಸರಿಯೆ? ಸರಿಯಲ್ಲ. ಸರಾಸರಿಯು ಸಾವಿರಾರು ಪಾಲಿಸಿ ಮಾರುವ ಕಂಪನಿಯ ಲೆಕ್ಕ. ವ್ಯಾಪಾರಿ ಮಾಡುವುದು ಒಂದೇ ಪ್ರವಾಸ. ಅವನ ಪಾಲಿಗೆ ಹೊರೆ ಶೂನ್ಯ, ಇಲ್ಲವೇ 36 ಲಕ್ಷ. ಆ 36 ಲಕ್ಷ ಬಂದ ದಿನ ಅವನ ಕೈಯಲ್ಲಿರುವುದು 5 ಲಕ್ಷ. ಉಳಿದದ್ದಕ್ಕೆ ಮಾಲನ್ನು ಸಿಕ್ಕ ಬೆಲೆಗೆ ಮಾರಬೇಕು ಅಥವಾ ಕೈಸಾಲ ತರಬೇಕು. ಮುಂದಿನ ಹಂಗಾಮಿನಲ್ಲಿ ರೈತರಿಂದ ಖರೀದಿಸಲು ಬಂಡವಾಳ ಉಳಿಯುವುದಿಲ್ಲ. ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2,50,000 ಡಾಲರಿನವರೆಗೆ ವಿದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಅವಕಾಶವಿದೆ. ಕೊರತೆಯಿರುವುದು ಅನುಮತಿಯದ್ದಲ್ಲ, ನಗದಿನದ್ದು.

ಸ್ವಂತ ಮಾಲೀಕತ್ವದ ಅಂಗಡಿಗೆ ಮನೆ ಮತ್ತು ವ್ಯಾಪಾರ ಎರಡಕ್ಕೂ ಒಂದೇ ಥೈಲಿ. ಪಾಲುದಾರಿಕೆಯಲ್ಲಿಯಾದರೆ ಒಬ್ಬನು ಬಂಡವಾಳ ಹಿಂತೆಗೆದರೆ ಉಳಿದವರ ವ್ಯವಹಾರವೂ ಕುಂಟುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ "ಕಾಯಿಲೆ ಬರುತ್ತದೆಯೆ?" ಎಂಬುದಲ್ಲ, "ಬಂದರೆ ಬಂಡವಾಳ ತಾಳುತ್ತದೆಯೆ?" ಎಂಬುದು.

ಕೊಳ್ಳುವ ಮುನ್ನ ನೋಡಬೇಕಾದದ್ದು

ಮೂರನೆಯ ಮತ್ತು ನಾಲ್ಕನೆಯ ಲೆಕ್ಕಗಳು ತೋರಿಸುವಂತೆ, ಪಾಲಿಸಿ ಇದ್ದ ಮಾತ್ರಕ್ಕೆ ರಕ್ಷಣೆ ಇದ್ದಂತಲ್ಲ. ಒಟ್ಟು ವಿಮಾ ಮೊತ್ತಕ್ಕಿಂತ ಒಳಗಿನ ಮಿತಿಗಳನ್ನು ಮೊದಲು ಓದಬೇಕು. ಮೊದಲೇ ಇರುವ ಕಾಯಿಲೆಗಳನ್ನು ಹಲವು ಪಾಲಿಸಿಗಳು ಪೂರ್ತಿ ಹೊರಗಿಡುತ್ತವೆ. ಕೆಲವು ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ, ಹಣ ಕೊಡುತ್ತವೆ. ಅರವತ್ತು ದಾಟಿದವರಿಗೆ ಈ ಷರತ್ತೇ ಪಾಲಿಸಿಯ ಜೀವಾಳ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದಿನ ಶಸ್ತ್ರಕ್ರಿಯೆಗಳನ್ನು ಪ್ರಸ್ತಾವನಾ ಪತ್ರದಲ್ಲಿ ಬರೆಯಲೇಬೇಕು. ಕಂತು ಹೆಚ್ಚಾದೀತೆಂದು ಏಜೆಂಟನ ಮಾತಿನಂತೆ ಖಾಲಿ ಬಿಡುವುದು ನಾಲ್ಕನೆಯ ಲೆಕ್ಕವನ್ನು ತಾನಾಗಿ ಆಹ್ವಾನಿಸಿದಂತೆ. ಮೃತದೇಹವನ್ನು ಸ್ವದೇಶಕ್ಕೆ ತರುವ ವೆಚ್ಚ ಸೇರಿದೆಯೆ ಎಂಬುದನ್ನೂ ಸಂಕೋಚವಿಲ್ಲದೆ ನೋಡಿಕೊಳ್ಳಬೇಕು.

ಅವಧಿಯ ವಿಷಯದಲ್ಲಿ 2020ನೆಯ ವರ್ಷ ದೊಡ್ಡ ಪಾಠ ಕಲಿಸಿತು. ಆ ಮಾರ್ಚ್ ಕೊನೆಯ ವಾರದಲ್ಲಿ ಭಾರತಕ್ಕೆ ಬರುವ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತವು. ಮೇ 7ರಿಂದ ವಂದೇ ಭಾರತ್ ಕಾರ್ಯಾಚರಣೆಯಡಿ ಜನರನ್ನು ಕರೆತರಲಾಯಿತು. ಮರಳುವ ದಿನಕ್ಕೇ ಕೊನೆಗೊಳ್ಳುವ ಪಾಲಿಸಿ ಹೊಂದಿದ್ದವನಿಗೆ ವಾಸ ಮುಂದುವರಿದರೂ ರಕ್ಷಣೆ ಮುಂದುವರಿಯುವ ಖಾತರಿ ಇರಲಿಲ್ಲ. ಆದ್ದರಿಂದ ಅವಧಿ ವಿಸ್ತರಿಸುವ ಸೌಲಭ್ಯ, ಅದರ ಗರಿಷ್ಠ ದಿನಗಳು ಮತ್ತು ಅರ್ಜಿಯ ಗಡುವು ಮೊದಲೇ ತಿಳಿದಿರಬೇಕು. ವರ್ಷಕ್ಕೊಮ್ಮೆ ಕೊಳ್ಳುವ ಬಹುಪ್ರವಾಸ ಪಾಲಿಸಿಗಳಲ್ಲಿ ಪ್ರತಿ ಪ್ರವಾಸಕ್ಕೂ ದಿನಗಳ ಮಿತಿ ಇರುತ್ತದೆ. ಮೇಲಿಂದ ಮೇಲೆ ದುಬೈಗೆ ಹೋಗಿಬರುವವನಿಗೆ ಅದು ಸರಿ, ಆರು ತಿಂಗಳು ಮಗನ ಮನೆಯಲ್ಲಿರುವವನಿಗಲ್ಲ.

ಹೋದ ದೇಶದಲ್ಲಿಯೇ ಪಾಲಿಸಿ ಕೊಳ್ಳುವುದೂ ಕೆಲವೆಡೆ ಸಾಧ್ಯ. ಅಲ್ಲಿಯ ಆಸ್ಪತ್ರೆಗಳೊಡನೆ ನೇರ ಸಂಬಂಧ ಇರುವುದು ಅದರ ಗುಣ. ವ್ಯಾಜ್ಯವಾದರೆ ಅಲ್ಲಿಯೇ ಹೋರಾಡಬೇಕಾದದ್ದು ದೋಷ. ಭಾರತದ ಪಾಲಿಸಿಯಾದರೆ, ಕಂಪನಿಗೆ ಮೊದಲು ಲಿಖಿತ ದೂರು ಕೊಟ್ಟು ನ್ಯಾಯ ಸಿಗದಿದ್ದಲ್ಲಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಮೊರೆ ಹೋಗಬಹುದು.

ಕೊಳ್ಳುವ ಅಗತ್ಯವಿಲ್ಲದ ಸಂದರ್ಭಗಳೂ ಉಂಟು. ಮಾಲೀಕನ ಅಥವಾ ಆಯಾ ಸರ್ಕಾರದ ವ್ಯವಸ್ಥೆಯಲ್ಲಿ ಈಗಾಗಲೇ ಸೇರಿದವನು ಅದರಲ್ಲಿ ಇಲ್ಲದ್ದಕ್ಕೆ ಮಾತ್ರ ಕಂತು ಕಟ್ಟಿದರೆ ಸಾಕು. ಸಣ್ಣಪುಟ್ಟ ಖರ್ಚಿಗೂ ವಿಮೆ ಬೇಕೆಂದು ದುಬಾರಿ ಕಂತು ತೆರುವುದು ಜಾಣತನವಲ್ಲ. ತಾಳಬಲ್ಲದ್ದನ್ನು ತಾನೇ ಭರಿಸಿ, ತಾಳಲಾರದ್ದನ್ನು ಕಂಪನಿಗೆ ವಹಿಸುವುದು ಲೇಸು.

ಖಾತೆಯಲ್ಲಿ ಬರೆಯುವ ಕ್ರಮದ ಕುರಿತು ಒಂದು ಮಾತು. ವ್ಯಾಪಾರಕ್ಕಾಗಿಯೇ ಕಳುಹಿಸಿದ ನೌಕರನ ಪ್ರವಾಸ ವಿಮೆಯ ಕಂತು ವ್ಯವಹಾರದ ವೆಚ್ಚ. ಮಕ್ಕಳನ್ನು ನೋಡಲು ಹೋಗುವ ಮಾಲೀಕನ ಕಂತು ಅವನ ಸ್ವಂತ ಖರ್ಚಿನ ಖಾತೆಗೆ ಹೋಗಬೇಕು. ಅದನ್ನು ಅಂಗಡಿಯ ಲಾಭದಲ್ಲಿ ಕಳೆಯುವಂತಿಲ್ಲ.

ಪಾಲಿಸಿಯ ಒಂದು ಪ್ರತಿ, ಸಹಾಯವಾಣಿಯ ಸಂಖ್ಯೆ, ನಿತ್ಯ ಸೇವಿಸುವ ಔಷಧಿಗಳ ಚೀಟಿ ಇವು ಪ್ರವಾಸಿಯ ಚೀಲದಲ್ಲಿಯೂ ಮಕ್ಕಳ ಕೈಯಲ್ಲಿಯೂ ಇರತಕ್ಕದ್ದು. ಆಸ್ಪತ್ರೆ ಸೇರಿದ ಕೂಡಲೇ ಕಂಪನಿಗೆ ತಿಳಿಸದಿದ್ದರೆ ಒಳ್ಳೆಯ ಪಾಲಿಸಿಯೂ ತೊಡಕಾಗುತ್ತದೆ. ಆರು ತಿಂಗಳ ತರುವಾಯ ಏನೂ ಆಗದೆ ಮರಳಿದವನು ಕಂತಿನ ಹಣ ಹೋಯಿತೆಂದು ಮರುಗಬೇಕಾಗಿಲ್ಲ. ಶೀತಲಗೃಹಕ್ಕೆ ಬೆಂಕಿ ಬೀಳಲಿಲ್ಲವೆಂದು ಯಾವ ವ್ಯಾಪಾರಿಯೂ ಮರುಗುವುದಿಲ್ಲ.