ಯೋಧನ ಕಾಣದ ಗಾಯ

ನಮ್ಮ ದೊಡ್ಡಪ್ಪನವರು ಬಹುಕಾಲ ಸೈನ್ಯದಲ್ಲಿದ್ದು ಊರಿಗೆ ಮರಳಿದವರು. ಕಾಲಿನ ಮೇಲಣ ಗುಂಡೇಟಿನ ಕಲೆಯನ್ನು ಮಕ್ಕಳಾದ ನಮಗೆ ಹೆಮ್ಮೆಯಿಂದ ತೋರಿಸುತ್ತಿದ್ದರು. ಆದರೆ ದೀಪಾವಳಿಯ ಪಟಾಕಿ ಸಿಡಿದರೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಷ್ಟೋ ರಾತ್ರಿ ಚೀರಿ ಏಳುತ್ತಿದ್ದರು. ವೈದ್ಯರಲ್ಲಿಗೆ ಹೋಗೋಣವೆಂದು ದೊಡ್ಡಮ್ಮ ಅಂಗಲಾಚಿದರೆ, “ಕಾಲಿಗಾದರೆ ಗಾಯ ಅಂತಾರೆ, ತಲೆಗಾದರೆ ಹುಚ್ಚು ಅಂತಾರೆ. ಸುಮ್ಮನಿರು” ಎನ್ನುತ್ತಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಒಂದೇ ಯುದ್ಧದ ಎರಡು ಪೆಟ್ಟುಗಳಲ್ಲಿ ಒಂದಕ್ಕೆ ಮಾನ, ಇನ್ನೊಂದಕ್ಕೆ ಅವಮಾನವೇಕೆ? ಉತ್ತರವನ್ನರಸಿ ನಾನು ಇತಿಹಾಸದ ಗ್ರಂಥಗಳನ್ನು ತೆರೆದೆನು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಿಂದ, ಮೈಮೇಲೆ ಒಂದು ಗೀರೂ ಇಲ್ಲದ ಸಾವಿರಾರು ಸಿಪಾಯಿಗಳು ಆಸ್ಪತ್ರೆ ಸೇರಿದರು. ಕೆಲವರಿಗೆ ಮಾತು ನಿಂತಿತ್ತು. ಕೆಲವರಿಗೆ ಕೈಕಾಲುಗಳು ನಡುಗುತ್ತಿದ್ದವು. ಕೆಲವರಿಗೆ ನೆನಪೇ ಅಳಿಸಿತ್ತು. ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು 1915ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂಬ ಹೆಸರಿನಿಂದ ವರ್ಣಿಸಿದರು. ಫಿರಂಗಿ ಗುಂಡು ಸಿಡಿದ ಅದಿರಾಟವೇ ಕಾರಣವೆಂಬುದು ಮೊದಲ ಊಹೆ. ಆದರೆ ಸಿಡಿತದ ಹತ್ತಿರ ಸುಳಿಯದವರಲ್ಲಿಯೂ ಅವೇ ಲಕ್ಷಣಗಳು ಕಂಡುಬಂದವು.

ಆಗ ಬ್ರಿಟಿಷ್ ಸೈನ್ಯವು ಒಂದು ವಿಚಿತ್ರವಾದ ವಿಂಗಡಣೆಯನ್ನು ಮಾಡಿತು. ಶತ್ರುವಿನ ಗುಂಡು ಸಿಡಿದುದರಿಂದ ಬಂದ ಬೇನೆಯಾದರೆ ರೋಗಿಯ ಹೆಸರಿಗೆ ‘ಡಬ್ಲ್ಯು’ ಅಕ್ಷರ, ಅಂದರೆ ಗಾಯಾಳು. ಇಲ್ಲವಾದರೆ ‘ಎಸ್’, ಅಂದರೆ ಕೇವಲ ಕಾಯಿಲೆಯವನು. ಮೊದಲನೆಯವನಿಗೆ ತೋಳಿನ ಮೇಲೆ ಗಾಯಾಳುವಿನ ಗೌರವಪಟ್ಟಿ. ಎರಡನೆಯವನಿಗೆ ಪಟ್ಟಿಯೂ ಇಲ್ಲ, ಪಿಂಚಣಿಯೂ ಇಲ್ಲ. ನಡುಕ ಇಬ್ಬರಿಗೂ ಒಂದೇ, ನಿದ್ರೆಗೇಡು ಒಂದೇ. ಅಕ್ಷರ ಮಾತ್ರ ಬೇರೆ! ಕಳಂಕವು ರೋಗದಲ್ಲಿರದೆ, ನಾವು ಅದಕ್ಕಿಡುವ ಹೆಸರಿನಲ್ಲಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ಹೆಸರು ‘ಹೇಡಿ’ ಎಂದಾದರೆ ಪ್ರಾಣಕ್ಕೇ ಸಂಚಕಾರ. ಹ್ಯಾರಿ ಫಾರ್ ಎಂಬ ಸಿಪಾಯಿ 1915ರಲ್ಲಿ ಇದೇ ಬೇನೆಯಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದನು. ಮರುವರ್ಷ ಮುಂಚೂಣಿಗೆ ಹೋಗಲಾರೆನೆಂದಾಗ ಹೇಡಿತನದ ಆಪಾದನೆ ಹೊರಿಸಿ, 1916ರ ಅಕ್ಟೋಬರಿನಲ್ಲಿ ಅವನನ್ನು ಸ್ವಂತ ಸೈನ್ಯವೇ ಗುಂಡಿಕ್ಕಿ ಕೊಂದಿತು. ಹೇಡಿತನ, ಪಲಾಯನ ಮೊದಲಾದ ಆಪಾದನೆಗಳಿಂದ ಹೀಗೆ ಮಡಿದ 306 ಮಂದಿಗೆ ಬ್ರಿಟನ್ನು ಕ್ಷಮೆಯಿತ್ತದ್ದು 2006ರಲ್ಲಿ, ತೊಂಬತ್ತು ವರ್ಷಗಳ ತರುವಾಯ.

ಮನಸ್ಸು ನೊಂದವನು ಹೇಡಿಯೆಂಬುದು ಸುಳ್ಳು. ಕವಿ ವಿಲ್ಫ್ರೆಡ್ ಓವೆನ್ 1917ರಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಇದಕ್ಕೇ ಚಿಕಿತ್ಸೆ ಪಡೆದನು. ಗುಣಹೊಂದಿ ರಣರಂಗಕ್ಕೆ ಮರಳಿ, 1918ರ ಅಕ್ಟೋಬರಿನಲ್ಲಿ ತೋರಿದ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕಕ್ಕೆ ಪಾತ್ರನಾದನು. ನವೆಂಬರ್ 4ರಂದು ಹೋರಾಡುತ್ತಲೇ ಮಡಿದನು.

ನಮ್ಮ ದೇಶದ ಸ್ಥಿತಿ ಏನು? 2017ರ ಮಾನಸಿಕ ಆರೋಗ್ಯ ಕಾಯಿದೆಯು, ಚಿಕಿತ್ಸೆಯ ವಿಷಯದಲ್ಲಿ ಮನಸ್ಸಿನ ರೋಗಿಯನ್ನು ದೇಹದ ರೋಗಿಗೆ ಸಮನಾಗಿ ಕಾಣಬೇಕೆಂದು ವಿಧಿಸಿದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಸಂಖ್ಯೆ 14416. ಸೈನಿಕರಿಗೂ ಅವರ ಕುಟುಂಬದವರಿಗೂ ಮೀಸಲಾದ ಅದರ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು. ಬಾಗಿಲು ತೆರೆದಿದೆ. ಆದರೆ ಬಡ್ತಿಗೆ ಕುಂದು ಬಂದೀತೆಂಬ ಭಯ, ಜೊತೆಗಾರರು ನಕ್ಕಾರೆಂಬ ನಾಚಿಕೆ ಹೊಸ್ತಿಲಲ್ಲಿಯೇ ತಡೆದರೆ ಕಾಯಿದೆ ಏನು ಮಾಡೀತು? ಮೇಲಧಿಕಾರಿಯೇ “ನಾನೂ ವೈದ್ಯರನ್ನು ಕಂಡಿದ್ದೆ” ಎಂದರೆ ಆ ತಡೆ ಅರ್ಧ ಮುರಿದಂತೆ. ಉಳಿದರ್ಧ ಮುರಿಯಬೇಕಾದವರು ಮನೆಯವರು, ಊರವರು, ನಾವು.

ಕಳೆದ ರಜೆಯಲ್ಲಿ ಓವೆನ್ನನ ಕಥೆಯನ್ನು ದೊಡ್ಡಪ್ಪನವರಿಗೆ ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ಆ ಆಸ್ಪತ್ರೆಗೆ ಹೋಗಿಬಂದ ಮೇಲೂ ಅವನಿಗೆ ಪದಕ ಕೊಟ್ಟರೇನೋ?” ಎಂದು ಕೇಳಿದರು. “ಹೌದು ದೊಡ್ಡಪ್ಪ” ಎಂದೆ. ಮರುವಾರ ದೊಡ್ಡಮ್ಮನೊಡನೆ ಅವರು ವೈದ್ಯರಲ್ಲಿಗೆ ಹೊರಟರು. ಸಹಪಾಠಿಗಳೇ, ನಮ್ಮಲ್ಲಿ ಎನ್.ಸಿ.ಸಿ. ಸಮವಸ್ತ್ರ ಧರಿಸಿದವರು ಹಲವರಿದ್ದಾರೆ. ನಾಳೆ ಕೆಲವರು ಸೈನ್ಯ ಸೇರುವರು. ‘ಹುಚ್ಚು’ ಎಂಬ ಮಾತನ್ನು ನಾಲಗೆಗೆ ತರುವ ಮುನ್ನ, ಅದು ಯಾರದೋ ಗಾಯದ ಹೆಸರಾಗಿರಬಹುದೆಂದು ನೆನೆಯೋಣ.