ಸೂಜಿಯನ್ನು ಸೆಳೆಯದ ಕಾಂತತೆ

ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಅಯಸ್ಕಾಂತಕ್ಕೆ ಕನ್ನಡವು ಸೂಜಿಗಲ್ಲು ಎಂಬ ಹೆಸರನ್ನೂ ಇಟ್ಟಿದೆ. ಆದರೆ ಸೂಜಿಯನ್ನು ಸೆಳೆಯದಿದ್ದರೂ ಒಳಗೆಲ್ಲ ಕಾಂತೀಯವಾಗಿರುವ ವಸ್ತುಗಳುಂಟು. ಅವು ಆಂಟಿಫೆರೋಮ್ಯಾಗ್ನೆಟ್‌ಗಳು, ಕನ್ನಡದಲ್ಲಿ ಪ್ರತಿಫೆರೋಕಾಂತಗಳು ಎನ್ನಬಹುದು. ಇಲ್ಲಿಯ ‘ಪ್ರತಿ’ಯನ್ನು ಕಾಂತತೆಯ ವಿರೋಧವೆಂದು ಓದಿದರೆ ವಿಷಯವೇ ತಪ್ಪುತ್ತದೆ. ಎದುರುಬದುರಾಗಿರುವುದು ಒಳಗಿನ ಪರಮಾಣುಗಳು.

ನಿಕಲ್ ಆಕ್ಸೈಡನ್ನು ನೋಡಬಹುದು. ಅದರ ಪ್ರತಿಯೊಂದು ನಿಕಲ್ ಪರಮಾಣುವೂ ಒಂದು ಪುಟ್ಟ ಕಾಂತ. ಒಂದು ಪದರದವು ಒಂದು ದಿಕ್ಕಿಗೆ, ಮುಂದಿನ ಪದರದವು ಅದರ ಎದುರಿಗೆ ಮುಖಮಾಡಿರುವುದರಿಂದ ಒಟ್ಟು ಮೊತ್ತ ಸೊನ್ನೆಯಾಗುತ್ತದೆ. ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಈ ಶಿಸ್ತು ಕುಲೈಸುತ್ತದೆ. ಆ ಮಿತಿಗೆ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೆಯೆಲ್ ಅವರ ಹೆಸರಿದೆ.

ಇದೇ ವಸ್ತುವನ್ನು ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿಸಿದರೆ ಮೊತ್ತ ಸೊನ್ನೆಯಾಗಿ ಉಳಿಯುವುದಿಲ್ಲವೆಂದು ನೆಯೆಲ್ 1961ರಲ್ಲಿ ವಾದಿಸಿದರು. ಅವರ ಲೆಕ್ಕ ಸರಳವಾದುದು. ಜೋಡಿ ತಪ್ಪುವುದು ಕೇವಲ ಆಕಸ್ಮಿಕವಾದರೆ, ಹೆಚ್ಚುಳಿಯುವ ಪರಮಾಣುಗಳು ಒಟ್ಟು ಸಂಖ್ಯೆಯ ವರ್ಗಮೂಲದಷ್ಟು. 10,000 ಪರಮಾಣುಗಳ ಕಣದಲ್ಲಿ ಸುಮಾರು 100, ಅಂದರೆ ನೂರಕ್ಕೆ ಒಂದು. ಒಂದರ ಮುಂದೆ ಇಪ್ಪತ್ತು ಸೊನ್ನೆಗಳಷ್ಟು ಪರಮಾಣುಗಳ ತುಣುಕಿನಲ್ಲಾದರೋ ಸಾವಿರ ಕೋಟಿಗೆ ಒಂದು. ಅದು ಇದ್ದೂ ಇಲ್ಲದಂತೆ. ಕಣ ಕಿರಿದಾದಷ್ಟೂ ಮೇಲ್ಮೈಯ ಪಾಲು ಹಿರಿದಾಗುತ್ತದೆ. ನೆರೆಯವರನ್ನು ಕಳೆದುಕೊಂಡ ಪರಮಾಣುಗಳು ಹೆಚ್ಚಾಗಿ ಇರುವುದೂ ಅಲ್ಲಿಯೇ.

ಹೀಗೆ ಉಳಿದ ಅಲ್ಪ ಕಾಂತತೆ ತಾಪಕ್ಕೆ ತಕ್ಕಂತೆ ವರ್ತಿಸುತ್ತದೆ. ಬಹಳ ತಣ್ಣಗಿರುವಾಗ ಅದು ಒಂದು ದಿಕ್ಕಿನಲ್ಲಿ ಹೆಪ್ಪುಗಟ್ಟುತ್ತದೆ. ಕಾಂತಕ್ಷೇತ್ರವಿಲ್ಲದೆ ತಣಿಸಿದ ಪುಡಿಗೆ ಆಮೇಲೆ ಸಣ್ಣ ಕ್ಷೇತ್ರ ಕೊಟ್ಟು ಕಾಯಿಸಿದರೆ, ಅಳೆದ ಕಾಂತತೆ ಮೊದಲು ಏರಿ, ಒಂದು ಶಿಖರ ಮುಟ್ಟಿ, ಬಳಿಕ ಇಳಿಯುತ್ತದೆ. ಕ್ಷೇತ್ರದೊಳಗೇ ತಣಿಸಿದ ಪುಡಿಯ ರೇಖೆ ತಂಪಿನಲ್ಲಿ ಇದಕ್ಕಿಂತ ಮೇಲಿರುತ್ತದೆ. ಶಿಖರದ ಆಚೆ ಎರಡೂ ಕೂಡುತ್ತವೆ. ಅಲ್ಲಿಂದ ಮುಂದೆ ಶಾಖದ ತಳ್ಳಾಟಕ್ಕೆ ಇಡೀ ಕಣದ ಕಾಂತತೆ ಒಟ್ಟಾಗಿ ಅತ್ತಿತ್ತ ಮಗುಚುತ್ತಿರುತ್ತದೆ. ಒಳಗಿನ ಎದುರುಬದುರು ಜೋಡಣೆ ಆಗಲೂ ಮುರಿದಿರುವುದಿಲ್ಲ. ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿ.

ಹೆಪ್ಪುಗಟ್ಟುವ ತಾಪವಾದರೂ ಕಣದ ಸ್ವಂತ ಗುಣವೆ? ಪೂರ್ತಿಯಾಗಿ ಅಲ್ಲ. ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಎಂಬ ಪ್ರೋಟೀನಿನ ತಿರುಳು ಇಂಥದೇ ಕಣ. ಅದರ ಅಗಲ ಸುಮಾರು 8 ನ್ಯಾನೊಮೀಟರ್. ನಿಮಿಷಗಟ್ಟಲೆ ಅಳೆಯುವ ಕಾಂತಮಾಪಕಕ್ಕೆ ಅದು ಹೆಪ್ಪುಗಟ್ಟಿದಂತೆ ಕಾಣುವುದು ಹತ್ತು ಹದಿನೈದು ಕೆಲ್ವಿನ್‌ನ ಕೆಳಗೆ. ಸೆಕೆಂಡಿನ ಕೋಟಿಯ ಒಂದಂಶದಲ್ಲಿ ನೋಡಿಬಿಡುವ ಮಾಸ್‌ಬೌವರ್ ವಿಧಾನಕ್ಕೆ ಸುಮಾರು 40 ಕೆಲ್ವಿನ್‌ನಲ್ಲೇ ಹಾಗೆ ಕಾಣುತ್ತದೆ. ತಿರುಗುವ ಫ್ಯಾನಿನ ರೆಕ್ಕೆ ಕಣ್ಣಿಗೆ ಮಸುಕಾದರೂ ಚುರುಕಾದ ಕ್ಯಾಮೆರಾದಲ್ಲಿ ನಿಂತಂತೆ ತೋರುವುದಿಲ್ಲವೆ, ಹಾಗೆ.