ವಾಚು ದುಪ್ಪಟ್ಟಾಯಿತು, ದುಡ್ಡು ಆಗಲಿಲ್ಲ

ಸೇನೆಯವರಿಗೆ ಕೊಟ್ಟಿದ್ದ ಹಳೆಯ ವಾಚು ‘ಹತ್ತು ವರ್ಷದಲ್ಲಿ ಡಬಲ್ ಆಗುತ್ತೆ ಸಾರ್’ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಈ ಅಂಕಣಕಾರ 2014ರಲ್ಲಿ ಇಂಗ್ಲೆಂಡಿನಿಂದ 95,000 ರೂಪಾಯಿಗೆ ತರಿಸಿಕೊಂಡ ಸೈಮಾ ವಾಚು 2024ರಲ್ಲಿ 1,90,000ಕ್ಕೆ ಮಾರಾಟವಾಯಿತು. ಅಕ್ಷರಶಃ ಡಬಲ್. ಎಲ್ಲ ಕಳೆದು ಅವನ ಜೇಬಿಗೆ ಬಂದ ಲಾಭ 4,500 ರೂಪಾಯಿ.

ಆ ವಾಚಿನ ಕುಲಗೋತ್ರ ದೊಡ್ಡದೇ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ತನ್ನ ಸೈನಿಕರಿಗಾಗಿ ಹನ್ನೆರಡು ತಯಾರಕರಿಂದ ಒಂದೇ ನಮೂನೆಯ ವಾಚು ಮಾಡಿಸಿತು. ಬ್ಯೂರೆನ್, ಸೈಮಾ, ಎಟರ್ನಾ, ಗ್ರಾನಾ, ಐಡಬ್ಲ್ಯುಸಿ, ಜೆಗರ್-ಲಕೂಲ್ಟ್ರ್, ಲೆಮೇನಿಯಾ, ಲಾಂಜಿನ್ಸ್, ಒಮೆಗಾ, ರೆಕಾರ್ಡ್, ಟಿಮೊರ್, ವರ್ಟೆಕ್ಸ್. ಕಪ್ಪು ಡಯಲ್, ದಪ್ಪ ಅಂಕಿ, ಆರರ ಜಾಗದಲ್ಲಿ ಪುಟ್ಟ ಸೆಕೆಂಡ್ ಮುಳ್ಳು, ಡಯಲ್ ಮೇಲೂ ಹಿಂಬದಿ ಮುಚ್ಚಳದ ಮೇಲೂ ಸರ್ಕಾರಿ ಸ್ವತ್ತೆಂದು ಸಾರುವ ಬಾಣದ ಗುರುತು. ಇವು ಬಂದದ್ದು 1945ರಲ್ಲಿ. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತಾ ಬಂದಿತ್ತು. ಆದರೂ ಸಂಗ್ರಾಹಕರು 1967ರ ಯುದ್ಧ ಸಿನಿಮಾದ ಹೆಸರು ಹಿಡಿದು ಇವನ್ನು ‘ಡರ್ಟಿ ಡಜನ್’ ಎಂದು ಕರೆದು ಮೆರೆಸುತ್ತಾರೆ. ಹನ್ನೆರಡರಲ್ಲಿ ಗ್ರಾನಾ ಸಿಗುವುದೇ ಕಷ್ಟ. ಸೆಟ್ ಪೂರ್ತಿ ಮಾಡಲು ಹೊರಟವರ ದುಡ್ಡು ಹೆಚ್ಚಾಗಿ ಕರಗುವುದು ಅಲ್ಲೇ.

ಈಗ ಲೆಕ್ಕ. ಪೌಂಡಿಗೆ ನೂರು ರೂಪಾಯಿ ಇದ್ದಾಗ 950 ಪೌಂಡ್, ಅಂದರೆ 95,000. ಕೊರಿಯರ್ ಮತ್ತು ವಿಮೆಗೆ 5,000. ಕಸ್ಟಮ್ಸ್ ಸುಂಕ, ಅದನ್ನು ಕಟ್ಟಿಸಿಕೊಟ್ಟದ್ದಕ್ಕೆ ಕೊರಿಯರ್‌ನವರ ಶುಲ್ಕ ಸೇರಿ 39,000. ಮನೆ ಬಾಗಿಲಿಗೆ ಬರುವ ಹೊತ್ತಿಗೆ ವಾಚಿನ ಬೆಲೆ 1,39,000 ಆಗಿತ್ತು. ಕೀ ಕೊಡುವ ವಾಚು ಸುಮ್ಮನೆ ಓಡುವುದಿಲ್ಲ. ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೂಡಿಸಬೇಕು. ಎರಡು ಸಲ ಸರ್ವೀಸ್, ಸಲಕ್ಕೆ 9,000ದಂತೆ 18,000. ಒಟ್ಟು ಹೂಡಿದ್ದು 1,57,000. ಮಾರಿದಾಗ ಮಧ್ಯವರ್ತಿಯ ಕಮಿಷನ್ ಶೇ 15, ಅಂದರೆ 28,500. ಕೈಗೆ ಬಂದದ್ದು 1,61,500.

ಅದೇ 1,39,000ವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟು ಮರೆತಿದ್ದರೆ ಹತ್ತು ವರ್ಷಕ್ಕೆ 2,73,000. ಬಡ್ಡಿಯ ಮೇಲಿನ ತೆರಿಗೆ ಕಳೆದರೂ, ಶೇ 20ರ ಸ್ತರದವನಿಗೆ 2,38,000ದ ಆಸುಪಾಸು ಉಳಿಯುತ್ತಿತ್ತು. ಸರ್ವೀಸಿನ 18,000ವೂ ಖರ್ಚಾಗುತ್ತಿರಲಿಲ್ಲ. ತೆರಿಗೆಗೆ ಮೊದಲಿನ ಆ 2,73,000ಕ್ಕೆ ಸರ್ವೀಸಿನ ಹಣ ಸೇರಿಸಿ, ಕಮಿಷನ್ ತುಂಬಿಕೊಂಡರೆ, ಎಫ್‌ಡಿಗೆ ಸಮನಾಗಲು ಈ ವಾಚು 3,42,000ಕ್ಕೆ ಬಿಕರಿಯಾಗಬೇಕಿತ್ತು. ಅಂದರೆ ಡಬಲ್ ಸಾಲದು, ಮೂರೂವರೆ ಪಟ್ಟಿಗಿಂತ ಹೆಚ್ಚು ಬೇಕು! ಬೇರೆ ರೀತಿ ನೋಡಿದರೆ, ಅಂಕಣಕಾರ ಹತ್ತು ವರ್ಷ ಆ ವಾಚು ಕಟ್ಟಿಕೊಳ್ಳಲು ತಿಂಗಳಿಗೆ ಸಾವಿರ ರೂಪಾಯಿಗೂ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟಂತಾಯಿತು. ಆ ಬಾಡಿಗೆ ಅವನಿಗೆ ದುಬಾರಿ ಅನ್ನಿಸಿಲ್ಲ. ಅದನ್ನು ಹೂಡಿಕೆ ಎಂದು ಕರೆಯುವುದಕ್ಕಷ್ಟೇ ಅವನ ತಕರಾರು.

ಬೆಲೆ ಇನ್ನೂ ಏರದಿರಲು ಕಾರಣ ವಾಚಿನ ಹೊಟ್ಟೆಯೊಳಗಿತ್ತು. ಚಿಕ್ಕಪೇಟೆಯ ಕಡೆಯ ರಿಪೇರಿಯವರು ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ‘ಕೇಸು ಒಂದೂರು, ಡಯಲ್ ಇನ್ನೊಂದೂರು ಸಾರ್’ ಎಂದರು. ಅದರಲ್ಲಿ ಮೋಸವೇನೂ ಇಲ್ಲ. ಬ್ರಿಟಿಷ್ ಸೇನೆಯ ರಿಪೇರಿ ದಳದವರಿಗೆ ವಾಚು ಓಡಿದರೆ ಸಾಕಿತ್ತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿದರು, ಹಳೆಯ ಡಯಲ್ ಕಿತ್ತು ಹೊಸದು ಕೂರಿಸಿದರು. ಇತಿಹಾಸದ ದೃಷ್ಟಿಯಲ್ಲಿ ಅದೂ ಅಸಲಿಯೇ. ಆದರೆ ಮಾರುಕಟ್ಟೆ ಮೂಲ ಡಯಲ್‌ಗೆ ಕೊಡುವ ಬೆಲೆಯನ್ನು ಬದಲಿ ಡಯಲ್‌ಗೆ ಕೊಡುವುದಿಲ್ಲ. ಮೂಲ ಡಯಲ್‌ನ ಅಂಕಿಗಳಿಗೆ ರೇಡಿಯಂ ಬಣ್ಣ ಇರುತ್ತದೆ ಎಂಬುದೂ ನೆನಪಿರಲಿ. ಹೊಳಪು ಎಂದೋ ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ರೇಡಿಯಂನ ಅರ್ಧಾಯುಷ್ಯ 1,600 ವರ್ಷ. ಅಡುಗೆಮನೆಯ ಮೇಜಿನ ಮೇಲೆ ಚಾಕುವಿನಿಂದ ಮುಚ್ಚಳ ಎಬ್ಬಿಸಿ ಧೂಳು ಊದುವ ಸಾಹಸ ಬೇಡ.

ನಮ್ಮೂರಿನ ಕಥೆ ಬೇರೆ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಜವಾನ್, ಸೈನಿಕ್, ಪೈಲಟ್ ಎಂಬ ಹೆಸರುಗಳಿಗೆ ಈಗ ಭಾರಿ ಗಿರಾಕಿ. ಹೆಸರು ಸೈನಿಕ್ ಎಂದಿದ್ದ ಮಾತ್ರಕ್ಕೆ ಅದು ಸೇನೆ ಹಂಚಿದ ವಾಚಾಗುವುದಿಲ್ಲ. ಹಳೆಯ ಮಷೀನಿಗೆ ನಿನ್ನೆ ಬಣ್ಣ ಬಳಿದ ಡಯಲ್ ಹಾಕಿ, ಬಾಣದ ಗುರುತನ್ನೂ ಅಚ್ಚು ಹೊಡೆದು, ‘ಮಿಲಿಟರಿ ಇಶ್ಯೂ’ ಎಂದು ಮಾರುವ ದಂಧೆ ಜೋರಾಗಿದೆ. ಎಪ್ಪತ್ತರ ದಶಕದ ವಾಚಿನ ಡಯಲ್ ನಿನ್ನೆ ಮೊನ್ನೆ ಅಂಗಡಿಯಿಂದ ಬಂದಂತೆ ಫಳಫಳ ಎನ್ನುತ್ತಿದ್ದರೆ ಅದು ನಿನ್ನೆ ಮೊನ್ನೆಯದ್ದೇ.

ಇದಕ್ಕಿಂತಲೂ ತಲೆ ಕೆಡಿಸುವುದು ವಾಚಿನಲ್ಲಿ ‘ಪಾಲು’ ಮಾರುವ ಯೋಜನೆಗಳು. ಲಕ್ಷಗಟ್ಟಲೆಯ ವಾಚು ಯಾರದೋ ಲಾಕರಿನಲ್ಲಿ. ನಿಮಗೆ ಹತ್ತು ಸಾವಿರಕ್ಕೆ ಅದರದೊಂದು ಚೂರು. ಕಟ್ಟಿಕೊಳ್ಳುವ ಹಾಗಿಲ್ಲ, ಕೀ ಕೊಡುವ ಹಾಗಿಲ್ಲ. ದಿನದ ಬೆಲೆ ನಿಗದಿ ಮಾಡುವವರೂ ಅವರೇ, ನಿರ್ವಹಣಾ ಶುಲ್ಕ ಹಿಡಿಯುವವರೂ ಅವರೇ. ವಾಚಿನ ಒಂದೇ ಒಂದು ಸುಖ ಅದನ್ನು ಕಟ್ಟಿಕೊಳ್ಳುವುದು. ಅದನ್ನೂ ಕಿತ್ತುಕೊಂಡು ಉಳಿದ ತಲೆನೋವಷ್ಟನ್ನೇ ಮಾರುವವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸುವುದು ಲೇಸು.

ತೆರಿಗೆಯದು ಎರಡು ಮಾತು. ಸ್ವಂತ ಬಳಕೆಯ ವಸ್ತುವಿಗೆ ಬಂಡವಾಳ ಲಾಭ ತೆರಿಗೆ ಇಲ್ಲ. ಚಿನ್ನ, ವಜ್ರ ಕೂರಿಸಿದ್ದರೆ ಅದು ಒಡವೆಯ ಲೆಕ್ಕಕ್ಕೆ ಹೋಗುತ್ತದೆ. ಕಟ್ಟಿಕೊಳ್ಳದೆ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟ ಇಪ್ಪತ್ತು ವಾಚುಗಳನ್ನು ಸ್ವಂತ ಬಳಕೆಯವು ಎಂದರೆ ಅಧಿಕಾರಿ ಹುಬ್ಬು ಏರಿಸಿಯಾರು. 2025ರ ಏಪ್ರಿಲ್ 22ರಿಂದ 10 ಲಕ್ಷ ಮೀರಿದ ಕೈಗಡಿಯಾರಕ್ಕೆ ಶೇ 1ರ ಟಿಸಿಎಸ್ (ಮಾರುವವರೇ ಹಿಡಿದುಕೊಳ್ಳುವ ತೆರಿಗೆ) ಬೇರೆ ಬಂದಿದೆ.

ಇನ್ನು ಅಭ್ಯಾಸದ ವಿಷಯ. ವಾಚಿನ ಹುಚ್ಚು ಒಂದಕ್ಕೆ ನಿಲ್ಲುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಫೋನು ಹಿಡಿದು ಹರಾಜಿನ ಪಟ್ಟಿ ನೋಡುತ್ತಾ ಕೂರುವವರು ವಾಚು ಕೊಳ್ಳುವುದಿಲ್ಲ, ನಿದ್ದೆಗೆಟ್ಟ ತಲೆಗೆ ಸಮಾಧಾನ ಕೊಳ್ಳುತ್ತಾರೆ. ಬಡ್ಡಿರಹಿತ ಇಎಂಐ ಎಂದ ಕೂಡಲೇ ಮೂರನೆಯದು, ನಾಲ್ಕನೆಯದು ಬರುತ್ತದೆ. ಮನೆಯವರಿಗೆ ಹೇಳುವ ಬೆಲೆಯಲ್ಲಿ ಒಂದು ಸೊನ್ನೆ ಬಿಟ್ಟುಹೋಗುತ್ತದೆ. ಪ್ರತಿ ವಾಚಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ಸುಂಕ, ಸರ್ವೀಸು, ಬೆಲ್ಟು, ವಿಮೆ ಎಲ್ಲವನ್ನೂ ಬರೆಯಿರಿ. ಎಸ್‌ಐಪಿ, ಆರೋಗ್ಯ ವಿಮೆ, ಆರು ತಿಂಗಳ ಮನೆಖರ್ಚು ಸರಿಯಿದ್ದ ಮೇಲೆ, ಪ್ರವಾಸಕ್ಕೋ ಸಂಗೀತ ಕಛೇರಿಗೋ ತೆಗೆದಿಡುವ ಹಣದಲ್ಲೇ ವಾಚು ಬರಲಿ.

ಕೊಳ್ಳುವ ಮುಂಚೆ ಮಾರುವವರನ್ನು ಮುಚ್ಚಳ ತೆಗೆದ ಫೋಟೊ ಕೇಳಿ. ಆಮೇಲೆ ಇನ್ನೊಂದನ್ನು ಕೇಳಿ: ‘ಇದೇ ವಾಚನ್ನು ಮುಂದಿನ ವಾರ ನಾನೇ ವಾಪಸ್ ತಂದರೆ ಎಷ್ಟಕ್ಕೆ ತಗೋತೀರಿ?’ ಆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊಡಲು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.